ಅಣ್ಣ ಆರಿಸಿದ ಕೇಬಲ್

ದ್ಯಾಮಪ್ಪ ತೀರಿಕೊಂಡ ಸುದ್ದಿ ಬೆಟಗೇರಿಗೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ, ಹತ್ತೂವರೆಯ ಸುಮಾರಿಗೆ. ಅವನ ತಮ್ಮ ಹೇಮಪ್ಪ ಆಗ ತನ್ನ ಆಟೊ ಇಲೆಕ್ಟ್ರಿಕ್ ಅಂಗಡಿಯಲ್ಲಿ ಕುಳಿತು ಯಾವುದೋ ಟಂಟಂ ಗಾಡಿಯ ಸೆಲ್ಫ್ ಮೋಟರು ಬಿಚ್ಚುತ್ತಿದ್ದ. ಮೊಬೈಲು ಎರಡು ಸಲ ರಿಂಗಾಗಿ ಸುಮ್ಮನಾಯಿತು. ಅದರ ಮೇಲೆ ಅಣ್ಣನ ಹೆಸರೇ ಮೂಡಿತ್ತು. ಹೇಮಪ್ಪ ಬೇಕೆಂದೇ ಎತ್ತಲಿಲ್ಲ. ಹತ್ತೊಂಬತ್ತು ದಿನದಿಂದ ಅಣ್ಣತಮ್ಮಂದಿರಲ್ಲಿ ಮಾತು ನಿಂತಿತ್ತು. ಮೊದಲು ಸೋತು ಫೋನು ಮಾಡಿದವನು ಅಣ್ಣನೇ ಎಂಬುದು ಇನ್ನಷ್ಟು ಖಾತ್ರಿಯಾಗಲಿ ಎಂದು ಅವನು ಕಾದ. ಮೂರನೆಯ ಸಲ ರಿಂಗಾದಾಗ ಕೈಯ ಗ್ರೀಸನ್ನು ಅರಿವೆಗೆ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಎತ್ತಿದ.

"ಏನಣ್ಣಾ, ಬುದ್ಧಿ ಬಂತೇನು? ಆ ಬೋರಿನ ಕೇಬಲ್ ಹಾಕೂದಾದ್ರ ನನ್ನ ಕರೀಬ್ಯಾಡ. ಸುಡತೈತಿ ಅಂದ್ರ ಸುಡತೈತಿ. ಬೇಕಾದ್ರ ಬರದು ಕೊಡತೀನಿ."

ಆ ಕಡೆಯಿಂದ ಅಣ್ಣನ ಮಗ ನಂದೀಶನ ದನಿ ಬಂತು.

"ಕಾಕಾ, ನಾನು. ಅಪ್ಪ ಹ್ವಾದ."

"ಎಲ್ಲಿಗೆ ಹ್ವಾದ?" ಎಂದ ಹೇಮಪ್ಪ. ಅವನ ಮನಸ್ಸು ಇನ್ನೂ ಕೇಬಲಿನಲ್ಲೇ ಇತ್ತು. ಅಣ್ಣ ಬೇರೆ ಮೇಸ್ತ್ರಿಯ ಹತ್ತಿರ ಹೋದನೇನೋ ಎಂದುಕೊಂಡಿದ್ದ.

ನಂದೀಶ ಅಳತೊಡಗಿದ. ಚಹಾ ಕುಡಿದು ಕಟ್ಟೆಯ ಮೇಲೆ ಗೋಡೆಗೆ ಒರಗಿ ಕುಳಿತವನು ಹಾಗೆಯೇ ಕುಳಿತುಬಿಟ್ಟಿದ್ದನಂತೆ. ಎಪ್ಪತ್ತೆರಡು ವರ್ಷ ಯಾರ ಮಾತಿಗೂ ಸುಮ್ಮನಾಗದ ಮನುಷ್ಯ, ಯಾರೂ ಏನೂ ಅನ್ನದಿದ್ದಾಗ ಸುಮ್ಮನಾಗಿದ್ದ. ಅಣ್ಣನ ಊರಾದ ಡಂಬಳದ ಬಸ್ಸು ಹತ್ತುವಾಗ ಹೇಮಪ್ಪನ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದುದು ಅಳುವಲ್ಲ, ತಾನು ಆಡಿದ ಮಾತು. ಸತ್ತವನ ಮನೆಯಿಂದ ಫೋನು ಬಂದರೆ ಎತ್ತಿದೊಡನೆ "ಸುಡತೈತಿ" ಎಂದವನು ಗದಗ ಜಿಲ್ಲೆಯಲ್ಲಿ ತಾನೊಬ್ಬನೇ ಇರಬೇಕು.

ಜಗಳವೇನೂ ದೊಡ್ಡದಲ್ಲ, ಎರಡು ಮೀಟರು ಉದ್ದದ್ದು. ನಂದೀಶನ ಹತ್ತಿರ ನಾಲ್ಕೂ ಗಾಲಿಗೆ ಬಲ ಬರುವ ಹಳೆಯ ಜೀಪಿದೆ. ಕಪ್ಪತಗುಡ್ಡದ ಸುತ್ತ ನಿಂತ ಗಾಳಿಯಂತ್ರಗಳ ದುರಸ್ತಿಗೆ ಬರುವ ಇಂಜಿನಿಯರುಗಳನ್ನು ಮೇಲೆ ಕರೆದೊಯ್ಯುವ ಕೆಲಸ ಅವನಿಗೆ ಸಿಕ್ಕಿತ್ತು. ಮಳೆ ಹಿಡಿದರೆ ಆ ಎರೆಮಣ್ಣಿನ ದಾರಿಯಲ್ಲಿ ಎತ್ತು ಕೂಡ ಕಾಲು ಕೀಳಲಾರದು. ಅದಕ್ಕಾಗಿ ಅವನು ಒಂದು ವಿಂಚ್ ತರಿಸಿದ್ದ. ಅದು ಬ್ಯಾಟರಿಯಿಂದ ತಿರುಗುವ ರಾಟೆ. ಅದಕ್ಕೆ ಸುತ್ತಿದ ಉಕ್ಕಿನ ಹಗ್ಗದ ತುದಿಯನ್ನು ಮುಂದಿನ ಗಿಡಕ್ಕೋ ಬಂಡೆಗೋ ಬಿಗಿದು ಗುಂಡಿ ಒತ್ತಿದರೆ, ಕೆಸರಲ್ಲಿ ಹೂತ ಜೀಪು ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ಬ್ಯಾಟರಿಯಿಂದ ಆ ರಾಟೆಯವರೆಗೆ ಕೇಬಲ್ ಎಳೆಯಬೇಕು. ಯಾವ ಕೇಬಲ್ ಎಂಬುದೇ ಪ್ರಶ್ನೆ.

ದ್ಯಾಮಪ್ಪನಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಬತ್ತಿಹೋದ ಬೋರಿನಿಂದ ಎತ್ತಿ ತೆಗೆದ ಚಪ್ಪಟೆ ಕೇಬಲಿನ ಸುರುಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಬೆಟಗೇರಿಗೆ ಬಂದಿದ್ದ.

"ಹೇಮ್ಯಾ, ಇದನ್ನ ಹಾಕು. ಹನ್ನೊಂದು ವರ್ಷ ಐದು ಎಚ್‌ಪಿ ಮೋಟರ್ ನಡಸೇತಿ, ಒಂದು ದಿನ ಬಿಸಿ ಆಗಿಲ್ಲ. ವಿಂಚ್ ಮ್ಯಾಲೆ ಏನ ಬರದಾರ? ಐದೂವರಿ ಎಚ್‌ಪಿ. ಅರ್ಧಾ ಎಚ್‌ಪಿ ಹೆಚ್ಚಾದ್ರ ಏನ ಆಕಾಶ ಹರಕೊಂಡು ಬೀಳತೈತೇನು?"

"ಅಣ್ಣಾ, ಬೋರಿಗೆ ನಾಕನೂರು ವೋಲ್ಟ್ ಬರತೈತಿ. ಜೀಪಿನ ಬ್ಯಾಟರ‍್ಯಾಗ ಇರೂದು ಹನ್ನೆರಡಽ."

"ಮತ್ತ? ಕಡಿಮಿ ಆತಲ್ಲ! ಕಡಿಮಿ ಕರೆಂಟಿಗೆ ಸಣ್ಣ ವೈರ್ ಸಾಕು."

"ಉಲ್ಟಾ ಅಣ್ಣಾ. ವೋಲ್ಟ್ ಅಂದ್ರ ನೀರಿನ ಒತ್ತಡ ಇದ್ದಂಗ. ಒತ್ತಡ ಇಲ್ಲದಽ ಅಷ್ಟಽ ನೀರು ಹೋಗಬೇಕಂದ್ರ ಪೈಪ್ ದೊಡ್ಡದು ಬೇಕು. ಬೋರಿನ ವೈರಿನಾಗ ಎಂಟು ಆಂಪಿಯರ್ ಹೋಗತಿತ್ತು. ಇದರಾಗ ಪೂರಾ ಜಗ್ಗೂಮುಂದ ನಾಕನೂರು ಹೋಗತೈತಿ."

ಇಲ್ಲಿ ಹೇಮಪ್ಪ ತಪ್ಪಿದ. ನೀರಿನ ಮಾತು ತೆಗೆಯಬಾರದಿತ್ತು.

"ನನಗ ನೀರಿನ ಪಾಠ ಹೇಳತಿಯೇನಲೇ? ನಾಕು ಬೋರ್ ಕೊರಿಸಿದಾಂವ ನಾನು! ನೀ ನಳದ ನೀರು ಕುಡದು ಬೆಳದಾಂವ!"

"ನಾಕರಾಗ ಮೂರು ಬತ್ತಿದ್ವಲ್ಲಣ್ಣಾ," ಎಂದ ಹೇಮಪ್ಪ. ಇದನ್ನಂತೂ ಅನ್ನಲೇಬಾರದಿತ್ತು.

ದ್ಯಾಮಪ್ಪ ಸುರುಳಿಯನ್ನು ತಿರುಗಿ ಹೆಗಲಿಗೇರಿಸಿ, ತರಿಸಿದ್ದ ಚಹಾ ಮುಟ್ಟದೆ ಎದ್ದುಹೋದ. ಅದೇ ಕೊನೆ. ಆಮೇಲೆ ಹೇಮಪ್ಪ ಅಣ್ಣನ ಮುಖ ನೋಡಿದ್ದು ಅದಕ್ಕೆ ವಿಭೂತಿ ಹಚ್ಚಿ ಕೂರಿಸಿದ ಮೇಲೆಯೇ.

ಹೊಲದಲ್ಲಿ, ಬದುವಿನ ಬನ್ನಿಗಿಡದ ಹತ್ತಿರ ಮಣ್ಣು ಮಾಡಿದರು. ಹೇಮಪ್ಪನೂ ಮೂರು ಹಿಡಿ ಮಣ್ಣು ಹಾಕಿದ. ದಿನಾ ನಸುಕಿನಲ್ಲಿ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದ ಮನುಷ್ಯ ಅವನು. ಅಣ್ಣ ಶಿವನ ಪಾದ ಸೇರಿದ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಅಲ್ಲಿಗೆ ಸಿಟ್ಟಿನಿಂದ ಹೋದನೋ ಏನೋ ಎಂಬ ಸಂಶಯ ಮಾತ್ರ ಅವನನ್ನು ಕೊರೆಯುತ್ತಿತ್ತು.

ಮೂರನೆಯ ದಿನ ಗದ್ದಿಗೆಗೆ ಹಾಲುತುಪ್ಪ ಹಾಕಿ ಬಂದು, ಮನೆಯ ಪಡಸಾಲೆಯಲ್ಲಿ ಫೋಟೋದ ಮುಂದೆ ಎಡೆ ಇಟ್ಟರು. ಸತ್ತವರಿಗೆ ಏನು ಇಷ್ಟವೋ ಅದನ್ನೆಲ್ಲ ಇಡುವುದು ಪದ್ಧತಿ. ಸಜ್ಜೆರೊಟ್ಟಿ ಇತ್ತು, ಮೆಣಸಿನಕಾಯಿ ಅರೆದ ಕೆಂಪಿಂಡಿ ಇತ್ತು, ಮಿರ್ಚಿ ಭಜಿ ಇತ್ತು, ಮೂಗಿಗೇರಿಸುವ ತಪಕೀರಿನ ಡಬ್ಬಿ ಇತ್ತು. ಇವೆಲ್ಲದರ ನಡುವೆ, ಮೂರು ಎಳೆ ವಿಭೂತಿ ಬಳಿಸಿಕೊಂಡು, ಮೇಲೊಂದು ಚೆಂಡುಹೂವು ಇಡಿಸಿಕೊಂಡು, ಆ ಬೋರಿನ ಕೇಬಲಿನ ಸುರುಳಿ ಕುಳಿತಿತ್ತು.

ಹೇಮಪ್ಪ ಅತ್ತಿಗೆ ಗದಿಗೆವ್ವನನ್ನು ಮೆಲ್ಲಗೆ ಕೇಳಿದ: "ವೈನಿ, ಇದನ್ಯಾಕ ಇಟ್ರಿ?"

"ಅವರ ಜೀವ ಅದರಾಗಽ ಇತ್ತಪ್ಪ. ನಿನ್ನ ಕಡೆ ಒಯ್ದು ವಾಪಸ್ ತಂದಾಗಿಂದ ಮಂಚದ ಬುಡಕ ಇಟಗೊಂಡಽ ಮಲಗತಿದ್ರು. ಏನ್ರೀ ಅಂದ್ರ, 'ಹೇಮ್ಯಾಗ ತಿಳುವಳಿಕಿ ಇಲ್ಲ' ಅಂತಿದ್ರು. ಅಷ್ಟಽ. ಹೆಣ್ಮಕ್ಕಳ ಮುಂದ ಮಿಷಿನ್ ಮಾತು ಅವರು ಎಂದೂ ಆಡಿದವರಲ್ಲ. ಇದನ್ನಽ ಜೀಪಿಗೆ ಹಾಕು. ಅವರ ಆತ್ಮಕ್ಕ ಸಮಾಧಾನ ಆಗಲಿ."

"ಅದು ಜೀಪಿಗೆ ಆಗಂಗಿಲ್ಲ, ವೈನಿ."

ಗದಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನೇರ ನೋಡಿದಳು. "ಇದ್ದಾಗ ಅವರ ಒಂದು ಮಾತೂ ಕೇಳಲಿಲ್ಲ ನೀನು. ಹ್ವಾದ ಮ್ಯಾಲರೆ ಕೇಳು. ಎಡಿಗೆ ಇಟ್ಟಿದ್ದು ಪ್ರಸಾದ. ಅದನ್ನ ಒಲ್ಲೆ ಅಂತೀಯೇನು?"

ಸುತ್ತ ಕುಳಿತ ಹಿರಿಯರು ತಲೆಯಾಡಿಸಿದರು. ಪ್ರಸಾದವನ್ನು ಒಲ್ಲೆ ಎನ್ನುವ ಧೈರ್ಯ ಆ ಪಡಸಾಲೆಯಲ್ಲಿ ಯಾರಿಗೂ ಇರಲಿಲ್ಲ. ಎಲ್ಲರಿಗಿಂತ ಕಡಿಮೆ ಇದ್ದುದು ಹೇಮಪ್ಪನಿಗೆ.

ಹೊರಗೆ ಬಂದರೆ ನಂದೀಶ ಜೀಪಿನ ಹತ್ತಿರ ನಿಂತಿದ್ದ. "ಕಾಕಾ, ಮುಂದಿನ ಸೋಮವಾರದಿಂದ ಗುಡ್ಡಕ್ಕ ಹೋಗಬೇಕು. ಅವ್ವ ಹೇಳಿದಂಗ ಹಾಕಿಬಿಡು. ಆಮ್ಯಾಲೆ ನೋಡಿದ್ರಾತು."

ಆಮೇಲೆ ಏನು ಕಾಣುತ್ತದೆ ಎಂಬುದು ಹೇಮಪ್ಪನಿಗೆ ಈಗಲೇ ಕಾಣುತ್ತಿತ್ತು. ಏರಿನ ಅರ್ಧದಲ್ಲಿ ಜೀಪು ಹಗ್ಗದ ಮೇಲೆ ಜೋತಿರುತ್ತದೆ. ವಿಂಚ್ ಜಗ್ಗತೊಡಗಿದ ಒಂದು ನಿಮಿಷದೊಳಗೆ ಆ ಚಪ್ಪಟೆ ಕೇಬಲಿನ ಮೇಲ್ಗವಸು ಬೆಣ್ಣೆಯಂತೆ ಕರಗುತ್ತದೆ. ಪಕ್ಕದಲ್ಲೇ ಡೀಸೆಲ್ಲಿನ ನಳಿಗೆ. ಒಳಗೆ ಇಬ್ಬರು ಇಂಜಿನಿಯರುಗಳು, ಸ್ಟೇರಿಂಗ್ ಹಿಡಿದು ನಂದೀಶ. ನಲವತ್ತು ವರ್ಷದಲ್ಲಿ ಸುಟ್ಟ ವೈರಿನ ವಾಸನೆಯನ್ನು ಹೇಮಪ್ಪನಷ್ಟು ಕುಡಿದವರು ಯಾರೂ ಇಲ್ಲ. ಹಾಗೆಂದು, ನಿನ್ನ ಗಂಡ ತಪ್ಪಿದ್ದ ಎಂದು ಮೂರು ದಿನದ ವಿಧವೆಗೆ ಹೇಗೆ ಹೇಳುವುದು? ಬದುಕಿದ್ದಾಗ ಹೇಳಿ ಹತ್ತೊಂಬತ್ತು ದಿನ ಕಳೆದುಕೊಂಡಿದ್ದ. ಈಗ ಹೇಳಿದರೆ ಅಣ್ಣ ತಿರುಗಿ ಬೈಯಲೂ ಬರಲಾರ.

ಮರುದಿನ ಗದಗಿಗೆ ಹೋದ. ಜೊತೆಗೆ ಅಣ್ಣತಮ್ಮಂದಿರಿಬ್ಬರಿಗೂ ಹಳೆಯ ಗೆಳೆಯನಾದ ದಾದಾಪೀರನಿದ್ದ. ಲಕ್ಷ್ಮೇಶ್ವರದಲ್ಲಿ ಅವನದು ವೆಲ್ಡಿಂಗ್ ಅಂಗಡಿ. ವಿಂಚ್ ಕೂರಿಸಲು ಜೀಪಿಗೆ ಗಟ್ಟಿ ಬಂಪರು ಮಾಡಿಕೊಟ್ಟವನೂ ಅವನೇ, ಮಣ್ಣಿಗೆ ಬಂದು ಎಲ್ಲರಿಗಿಂತ ಹೆಚ್ಚು ಅತ್ತವನೂ ಅವನೇ. ಇಬ್ಬರೂ ನಯಾಜನ ಅಂಗಡಿಯ ಮುಂದೆ ನಿಂತರು. ನಯಾಜ ಬಗೆಬಗೆಯ ಕೇಬಲುಗಳನ್ನು ಹಾವಾಡಿಗನಂತೆ ಎಳೆದೆಳೆದು ಹಾಕಿದ.

"ಇದು ನೋಡ್ರಿ, ಎಪ್ಪತ್ತು ಸ್ಕ್ವೇರ್ ಎಂಎಂ. ಹೆಬ್ಬೆರಳಿಗಿಂತ ದಪ್ಪ. ರೇಟೂ ಕಡಿಮಿ."

ಹೇಮಪ್ಪ ಅದನ್ನು ಕೈಯಲ್ಲಿ ಹಿಡಿದು ತೂಗಿದ. ಹಗುರವೆನಿಸಿತು. ಜೇಬಿನಿಂದ ಬ್ಲೇಡು ತೆಗೆದು ತುದಿಯ ಒಂದು ಎಳೆಯನ್ನು ಕೆರೆದ. ಮೇಲಿನ ಕೆಂಪು ಹೋಗಿ ಒಳಗಿನ ಬಿಳುಪು ಕಂಡಿತು.

"ಇದು ಅಲ್ಯುಮಿನಮ್, ನಯಾಜ. ತಾಮ್ರದ ಅಂಗಿ ತೊಡಿಸ್ಯಾರ."

"ಯಾರೂ ಕೆರೆದು ನೋಡಂಗಿಲ್ರಿ."

"ನನ್ನ ಅಣ್ಣನ ಮಗ ಇದರ ಹಿಂದ ಕುಂಡ್ರತಾನ. ಖರೆ ತಾಮ್ರದ್ದು ತಗಿ. ವೆಲ್ಡಿಂಗಿನವರು ಒಯ್ತಾರಲ್ಲ, ಕೂದಲೆಳಿ ಹಂಗ ಸಣ್ಣ ಎಳಿ ಇರೂದು. ಜೀಪು ಕುಣದ್ರ ಅದೂ ಕುಣೀಬೇಕು, ಮುರೀಬಾರದು."

ನಯಾಜ ಒಳಗಿನಿಂದ ಬೇರೆ ಸುರುಳಿ ತಂದ. ಹೇಮಪ್ಪ ಅದನ್ನೂ ಕೆರೆದ. ಎಷ್ಟು ಕೆರೆದರೂ ಕೆಂಪೇ.

"ಐದು ಮೀಟರು ಕೊಡು," ಎಂದ ಹೇಮಪ್ಪ.

"ಎರಡು ಸಾಕಲ್ಲೋ ಮಾರಾಯಾ," ಎಂದ ದಾದಾಪೀರ. "ಪ್ಲಸ್ಸಿಗೆ ಎಳದು, ಮೈನಸ್ ಬಂಪರಿಗೆ ಬಿಗದು ಬಿಡೂಣು. ಎಲ್ಲಾರೂ ಹಂಗಽ ಮಾಡತಾರ."

"ನಾಕನೂರು ಆಂಪಿಯರ್ ಹೋಗಿದ್ದು ತಿರುಗಿ ಬರಬೇಕಲ್ಲ ದಾದಾಪೀರ. ನಿನ್ನ ಬಂಪರಿಗೆ ನೀ ಬಳದಿರೂ ಬಣ್ಣದಾಗ ಹಾಯ್ದು ಬರತೈತೇನು? ಮೈನಸ್ಸಿಗೂ ಅಷ್ಟಽ ದಪ್ಪಂದು, ಸೀದಾ ಬ್ಯಾಟರಿಗೆ. ಮ್ಯಾಲೆ ಒಂದು ದೊಡ್ಡ ಸ್ವಿಚ್ಚು. ಕೆಲಸ ಇಲ್ಲದಾಗ ಬಂದ್ ಇರಬೇಕು."

ದಾದಾಪೀರ ಕೇಬಲಿನ ತುದಿ ತಿರುವುತ್ತ ಕೇಳಿದ: "ಮತ್ತ ವೈನಿಗೆ ಏನ ಹೇಳತಿ? ಎಡಿ ಪ್ರಸಾದ?"

"ಗೊತ್ತಿಲ್ಲ."

"ನಿಮ್ಮಣ್ಣ ಜನ್ನತದಾಗ ಕುಂತು ಇದನ್ನ ನೋಡಾಕತ್ತಿದ್ರ, ನಿನಗ ಒಂದು ಕಲ್ಲು ಒಗೀತಾನ ನೋಡು."

"ಒಗೀಲಿ. ಒಗದ್ರ ಅವನಽ ಅಂತ ಖಾತ್ರಿ ಆಗತೈತಿ," ಎಂದ ಹೇಮಪ್ಪ. ಅಣ್ಣ ಸತ್ತ ಮೇಲೆ ಮೊದಲ ಸಲ ಅವನ ಕಣ್ಣಿನಲ್ಲಿ ನೀರು ನಿಂತಿತು. ನಯಾಜ ರೇಟು ಹೆಚ್ಚಾಯಿತೇನೋ ಎಂದುಕೊಂಡು ಸ್ವಲ್ಪ ಇಳಿಸಿದ.

ಲಕ್ಷ್ಮೇಶ್ವರದಲ್ಲಿ ದಾದಾಪೀರನ ಅಂಗಳದಲ್ಲಿ ಎರಡು ದಿನ ಕೆಲಸ ನಡೆಯಿತು. ಕೇಬಲಿನ ತುದಿಗಳಿಗೆ ತಾಮ್ರದ ಟೊಪ್ಪಿಗೆ ತೊಡಿಸಿ, ಸುತ್ತಿಗೆಯಿಂದ ಬಡಿಯದೆ ಒತ್ತುಯಂತ್ರದಲ್ಲಿ ಒತ್ತಿ, ಚೂಪಾದ ತಗಡು ತಾಗುವಲ್ಲೆಲ್ಲ ರಬ್ಬರಿನ ಕೊಳವೆ ಏರಿಸಿ ಹೇಮಪ್ಪ ಕೂರಿಸಿದ. ದೇವರ ಕೋಣೆಯಲ್ಲಿ ಕೂಡ ಅವನು ಅಷ್ಟು ಮಡಿಯಿಂದ ಕೆಲಸ ಮಾಡಿರಲಿಲ್ಲ. ಶನಿವಾರ ಸಂಜೆ ಇಳಿಹೊತ್ತಿಗೆ ಜೀಪು ಡಂಬಳದ ಮನೆಯ ಮುಂದೆ ಬಂದು ನಿಂತಿತು.

ಗದಿಗೆವ್ವ ಹೊರಗೆ ಬಂದಳು. ಜೀಪಿನ ಬಾನೆಟ್ಟು ತೆಗೆದಿತ್ತು. ಹೆಬ್ಬೆರಳು ಗಾತ್ರದ ಕೆಂಪು ಕೇಬಲೊಂದು, ಕರಿಯದೊಂದು ಎದ್ದು ಕಾಣುತ್ತಿದ್ದವು.

"ಇದು ಯಾರ ಕೇಬಲ್?" ಎಂದಳು.

ನೆರೆಯವರು ನಾಲ್ಕೈದು ಜನ ಆಗಲೇ ಕೂಡಿದ್ದರು. ಹೇಮಪ್ಪ ಬಸ್ಸಿನಲ್ಲಿ, ಅಂಗಡಿಯಲ್ಲಿ, ಪೂಜೆಯಲ್ಲಿ ಕೂಡ ಇದಕ್ಕೆ ಉತ್ತರ ಹುಡುಕಿ ಸಿಗದೆ ಸೋತಿದ್ದ. ಈಗ ಬಾಯಿ ತೆರೆದರೆ ಉತ್ತರ ತಾನಾಗಿ ಹೊರಗೆ ಬಂತು.

"ಅಣ್ಣಂದು."

"ಅವರದು ಒಳಗ ಎಡ್ಯಾಗ ಐತಿ."

"ಅದು ಅಣ್ಣಂದಲ್ಲ ವೈನಿ. ಅಂದ್ರ, ಕೇಬಲ್ ಅವಂದು, ವಿಚಾರ ನಂದು. ಅವತ್ತ ಅದನ್ನ ತಂದು ನನಗ ತೋರಿಸಿ, 'ಇದು ಸಾಲಂಗಿಲ್ಲ ಹೇಮ್ಯಾ, ಸುಡತೈತಿ, ದಪ್ಪಂದು ಬೇಕು' ಅಂದ. ನಾನಽ 'ಸಾಕು ಬಿಡಣ್ಣಾ' ಅಂದೆ. ಅದಕ್ಕಽ ಸಿಟ್ಟಿಗೆದ್ದು ಹ್ವಾದ."

ಹೇಳಿ ಮುಗಿಸಿದ ಮೇಲೆ ಅವನಿಗೇ ಬೆರಗಾಯಿತು. ಸುಳ್ಳು ಎಲ್ಲೂ ಒಂದು ಮೂಲೆ ಹೊರಗೆ ಚಾಚದೆ, ನಡೆದ ಸಂಗತಿಯ ಮೇಲೆ ಅಳತೆ ಮಾಡಿ ಹೊಲಿದಂತೆ ಕುಳಿತಿತ್ತು.

ಗದಿಗೆವ್ವನ ಮುಖ ಅರಳಿ, ಕೂಡಲೇ ಕೆಂಪಾಯಿತು. "ಹೌದಲ್ಲ! ಅದಕ್ಕಽ ಅವತ್ತ ಬಂದವರು ಉಣದಽ ಮಲಗಿದ್ರು. ನೀ ಎಲ್ಲೆ ಬಂದು ಎತ್ತಿಕೊಂಡು ಹೋಗಿ ಜೀಪಿಗೆ ಹಾಕೀಯೋ ಅಂತ ಮಂಚದ ಬುಡಕ ಇಟ್ಟು ಕಾದಾರಪ್ಪ! ಮತ್ತ ನೀ ಎಂಥಾ ಮೇಸ್ತ್ರಿಯೋ, ಹೇಮಪ್ಪಾ? ಮೊನ್ನೆ ಎಡಿ ಮುಂದ 'ಇದು ಜೀಪಿಗೆ ಆಗಂಗಿಲ್ಲ' ಅಂದೆಲ್ಲ, ಆವಾಗರೆ ಖರೆ ಹೇಳಾಕ ಏನಾಗಿತ್ತು?"

"ಬಾಯಿ ಬರಲಿಲ್ಲ ವೈನಿ."

"ಎಲ್ಲಿಂದ ಬರಬೇಕು! ನಿನ್ನ ಹರಕ ವೈರಿಗೆ ನಾ ವಿಭೂತಿ ಹಚ್ಚೀನಿ!" ಎಂದು ಒಳಗೆ ಹೋಗಿ, ಫೋಟೋದ ಮುಂದಿನ ಸುರುಳಿಯನ್ನು ಎತ್ತಿ ತಂದು ಅವನ ಕಾಲ ಬುಡದಲ್ಲಿ ಒಗೆದಳು. ಚೆಂಡುಹೂವು ದೂರ ಉರುಳಿತು.

ನಂದೀಶ ತಲೆ ಎತ್ತಿ ಕಾಕಾನನ್ನು ನೋಡಿದ. ಮಂಗಳವಾರ ಫೋನಿನಲ್ಲಿ ಕೇಳಿದ ಮಾತು ಅವನಿಗೆ ನೆನಪಿಲ್ಲದೆ ಇಲ್ಲ. ಹೇಮಪ್ಪ ಕಣ್ಣು ತಪ್ಪಿಸಿದ. ನಂದೀಶ ಏನೋ ಅನ್ನಹೋಗಿ, ತಾಯಿಯ ಮುಖ ನೋಡಿ, ಎಮ್ಮೆಗೆ ಮೇವು ಹಾಕಲು ಹಿತ್ತಲಿಗೆ ನಡೆದ.

ಲಿಂಗವಂತರಿಗೆ ಸೂತಕವಿಲ್ಲ ಎಂದು ಸ್ವಾಮಿಗಳು ಹೇಳುತ್ತಾರೆ. ಸುಳ್ಳಿಗೆ ಸಡಿಲಿಕೆ ಇದೆ ಎಂದು ಯಾವ ಸ್ವಾಮಿಗಳೂ ಹೇಳಿಲ್ಲ. ಆ ದಿನ ಊರಿಗೆ ಮರಳುವಾಗ ಹೇಮಪ್ಪ ಬಸ್ಸಿನಲ್ಲಿ ನೂರೆಂಟು ಸಲ ಪಂಚಾಕ್ಷರಿ ಎಣಿಸಿದ. ನಡುವೆ ಎರಡು ಸಲ ಎಣಿಕೆ ತಪ್ಪಿತು.

ಸುಳ್ಳಿಗೆ ಕಾಲು ಬೇಗ ಬಂದವು. ಹನ್ನೊಂದನೆಯ ದಿನದ ಊಟಕ್ಕೆ ಬಂದ ನಂಟರೆಲ್ಲ ಅದನ್ನು ಹೋಳಿಗೆಯ ಜೊತೆ ಸವಿದರು. ಹಳ್ಳಿಯ ರೈತ ದ್ಯಾಮಪ್ಪ ಆಂಪಿಯರ್ ಲೆಕ್ಕ ತಿಳಿದಿದ್ದ, ಪೇಟೆಯ ಮೇಸ್ತ್ರಿ ಹೇಮಪ್ಪನಿಗೆ ತಿಳಿದಿರಲಿಲ್ಲ, ಅಣ್ಣ ಸತ್ತು ತಮ್ಮನಿಗೆ ಬುದ್ಧಿ ಕಲಿಸಿದ! ಮುಂಡರಗಿಯಿಂದ ಟ್ರ್ಯಾಕ್ಟರಿನ ಡೈನಮೊ ತಂದ ಕೊಟ್ರೇಶ ಎಂಬ ಹಳೆಯ ಗಿರಾಕಿ ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿದ: "ಹೇಮಪ್ಪಣ್ಣಾರ, ವೈರ್ ಒಂಚೂರು ದಪ್ಪಂದು ಹಾಕ್ರಿ. ಈಗ ಹೇಳಿ ತಿದ್ದಾಕ ನಿಮ್ಮಣ್ಣಾರು ಇಲ್ಲ."

"ಹಾಕತೀನಪ್ಪ," ಎಂದ ಹೇಮಪ್ಪ. ನಲವತ್ತು ವರ್ಷದ ಹೆಸರು ಆ ಒಂದು ಮಾತಿನ ಅಡಿಯಲ್ಲಿ ಸದ್ದಿಲ್ಲದೆ ಹೂತುಹೋಯಿತು. ಅದನ್ನು ಎಳೆದು ತೆಗೆಯಬಲ್ಲ ವಿಂಚ್ ಇನ್ನೂ ಬಂದಿಲ್ಲ.

ತಿಂಗಳು ಕಳೆದ ಮೇಲೆ, ಶ್ರಾವಣದ ಮಳೆಯಲ್ಲಿ, ನಂದೀಶ ಅವನನ್ನು ಕೂರಿಸಿಕೊಂಡು ಶಿರಹಟ್ಟಿ ಕಡೆಯ ಇಳಿಜಾರಿಗೆ ಹೋದ. ಅಲ್ಲಿ ಗಾಳಿಯಂತ್ರದ ಸಾಮಾನು ಹೊತ್ತ ಪಿಕಪ್ಪೊಂದು ಗಾಲಿಯ ಮಟ್ಟಕ್ಕೆ ಹೂತುಹೋಗಿತ್ತು. ಹಗ್ಗ ಬಿಗಿದು ಗುಂಡಿ ಒತ್ತಿದರು. ವಿಂಚ್ ನರಳಿತು, ಬ್ಯಾಟರಿ ಬಸವಳಿಯಿತು, ಹಗ್ಗ ತಂತಿವಾದ್ಯದಂತೆ ಬಿಗಿಯಿತು. ಎರಡು ನಿಮಿಷ ಜಗ್ಗಿ ಅರ್ಧ ನಿಮಿಷ ಬಿಟ್ಟು, ಮತ್ತೆ ಜಗ್ಗಿ, ಕೊನೆಗೆ ಪಿಕಪ್ಪು ಕೆಸರಿನಿಂದ ಚಪ್ಪಲಿ ಕಿತ್ತಂಥ ಸದ್ದು ಮಾಡಿ ಹೊರಬಂತು. ಹೇಮಪ್ಪ ಓಡಿಹೋಗಿ ಕೇಬಲಿನ ಮೇಲೆ ಅಂಗೈ ಇಟ್ಟ. ಹಸುಗೂಸಿನ ಮೈಯಷ್ಟೇ ಬೆಚ್ಚಗಿತ್ತು.

"ನೋಡಿದ್ಯಾ ಕಾಕಾ?" ಎಂದ ನಂದೀಶ, ಕೆಸರು ಬಡಿದ ಮುಖದಲ್ಲಿ ನಗುತ್ತ. "ಅಪ್ಪನ ಲೆಕ್ಕ ಹೆಂಗಿತ್ತು!"

ಹೇಮಪ್ಪ ಅವನ ಮುಖವನ್ನು ಹುಡುಕಿದ. ಎಲ್ಲೂ ಕಣ್ಣು ಮಿಟುಕಿಸುವ ಗುರುತಿರಲಿಲ್ಲ. ತಿಂಗಳಿಡೀ ಊರವರ ಬಾಯಲ್ಲಿ ಕೇಳಿ ಕೇಳಿ, ಫೋನಿನ ಮಾತು ಮರೆತು, ಹುಡುಗ ಅದನ್ನು ನಂಬಿಬಿಟ್ಟಿದ್ದ. ಇನ್ನು ಅದು ಸುಳ್ಳು ಎಂದು ಬಲ್ಲವರು ಇಬ್ಬರೇ: ಹೇಮಪ್ಪ ಮತ್ತು ದಾದಾಪೀರ. ದಾದಾಪೀರ ಹೇಳುವವನಲ್ಲ.

"ಬರೋಬ್ಬರಿ ಇತ್ತಪ್ಪಾ," ಎಂದ ಹೇಮಪ್ಪ. "ನಿಮ್ಮಪ್ಪ ಯಾವಾಗ ತಪ್ಪಿದ್ದ?"

ಮರಳುವಾಗ ಹೊಲದ ಹತ್ತಿರ ಜೀಪು ನಿಲ್ಲಿಸಿಕೊಂಡು ಇಳಿದ. ನಂದೀಶ ದಾರಿಯಲ್ಲೇ ಉಳಿದ. ಮಳೆ ತೆರವಾಗಿತ್ತು. ಗದ್ದಿಗೆಯ ಮಣ್ಣು ಕುಸಿದು ಸಮವಾಗಿ, ಮೇಲೆ ಎಳೆಯ ಗರಿಕೆ ಎದ್ದಿತ್ತು. ಒಂದಿಷ್ಟು ಬೈದುಬಿಡಬೇಕು ಎಂದುಕೊಂಡೇ ಹೇಮಪ್ಪ ಬಂದಿದ್ದ: ನಿನ್ನಿಂದ ನನ್ನ ಮರ್ಯಾದೆ ಹೋಯಿತಲ್ಲೋ, ಸತ್ತೂ ಗೆದ್ದೆಯಲ್ಲೋ ಎಂದು. ಬಾಯಿ ತೆರೆದ. ಎದುರು ಮಾತಾಡುವವರು ಯಾರೂ ಇರಲಿಲ್ಲ. ಬೈಗುಳ ಬಾಯಲ್ಲೇ ಒಣಗಿತು. ಒದ್ದೆ ನೆಲದ ಮೇಲೆ ಮೊಣಕಾಲೂರಿ, ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದ.

"ಶಿವನೇ, ಅಣ್ಣನ ಮಾನ ಉಳಿಸಲು ಸುಳ್ಳು ಹೇಳಿದ್ದೇನೆ, ಅದರ ಪಾಪ ನನಗಿರಲಿ. ಅವನು ಕಡೆಯ ಹತ್ತೊಂಬತ್ತು ದಿನ ನನ್ನ ಮೇಲೆ ಸಿಟ್ಟಿನಲ್ಲಿದ್ದ, ಆ ಸಿಟ್ಟು ಅವನ ಜೊತೆ ಬಂದಿದ್ದರೆ ಇಳಿಸಿಬಿಡು. ನಿನ್ನ ಹತ್ತಿರ ಅವನು ವಾದಕ್ಕೆ ನಿಂತರೆ ಬೇಜಾರು ಮಾಡಿಕೊಳ್ಳಬೇಡ, ಒಂದೆರಡು ಸಲ ಸೋತುಕೊಡು. ಅವನು ಬದುಕಿದ್ದಾಗ ನಾನು ಅದೊಂದನ್ನು ಕೊಡಲಿಲ್ಲ. ನನ್ನ ಅಣ್ಣನನ್ನು ನಿನ್ನ ಪಾದದ ನೆರಳಿನಲ್ಲಿ ಕೂರಿಸಿಕೋ, ತಂದೆ. ಅವನ ಜೀವ ತಣ್ಣಗಿರಲಿ, ಅವನಿಗೆ ಶಾಂತಿ ಸಿಗಲಿ."